ತಿಪ್ಪರಲಾಗದ ಚರಿತ್ರೆ: ಗದ್ದದ ಕೆಳಗೆ ಒಂದು ಕರ್ಚೀಫು

ಇವತ್ತಿನ ಕಥೆ ಶುರುವಾಗೋದು ಒಂದು ಕರ್ಚೀಫಿನಿಂದ.

ಎರಡು ತಿಂಗಳ ಹಿಂದೆ, 31ನೇ ವಯಸ್ಸಲ್ಲಿ, ದೊಡ್ಡವರಿಗೆ ಜಿಮ್ನಾಸ್ಟಿಕ್ಸ್ ಹೇಳಿಕೊಡೋ ಒಂದು ಕ್ಲಾಸಿಗೆ ಸೇರಿದೆ. ಮೊದಲ ದಿನವೇ ಹ್ಯಾಂಡ್‌ಸ್ಟ್ಯಾಂಡ್ ಮಾಡಿಸ್ತಾರೆ, ಒಂದು ರೀಲ್ ಆದ್ರೂ ಆಗುತ್ತೆ ಅಂದ್ಕೊಂಡು ಹೋಗಿದ್ದೆ. ಕೋಚ್ ಮಾಡಿಸಿದ್ದು ಫಾರ್ವರ್ಡ್ ರೋಲ್. ಅಂದ್ರೆ ಮುಂದಕ್ಕೆ ಒಂದು ಉರುಳು, ಮಕ್ಕಳು ಹಾಸಿಗೆ ಮೇಲೆ ಹಾಕ್ತಾರಲ್ಲ, ಅದೇ. ನಾನು ಸ್ವಲ್ಪ ನಕ್ಕೆ. ಕೋಚ್ ನಗಲಿಲ್ಲ. ನನ್ನದೇ ಕರ್ಚೀಫು ಕೇಳಿ, ನಾಲ್ಕು ಮಡಿಕೆ ಮಾಡಿ, ನನ್ನ ಗದ್ದಕ್ಕೂ ಎದೆಗೂ ನಡುವೆ ಸಿಕ್ಕಿಸಿ, "ಇದು ಬೀಳದ ಹಾಗೆ ಉರುಳಿ" ಅಂದ್ರು.

ಬಿತ್ತು. ಎರಡನೇ ಸಲವೂ ಬಿತ್ತು. ಅರ್ಧ ಗಂಟೆ ನಾನು ಕರ್ಚೀಫು ಹೆಕ್ಕೋದರಲ್ಲೇ ಕಳೆದೆ.

ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಹಿಡ್ಕೊಂಡಿತು. ಗದ್ದ ಒಳಗಿರಬೇಕು, ತಲೆ ನೆಲಕ್ಕೆ ಭಾರ ಆಗಬಾರದು ಅನ್ನೋ ಈ ಸಣ್ಣ ವಿಷಯ ಮನುಷ್ಯರಿಗೆ ಯಾವಾಗ ಗೊತ್ತಾಯ್ತು? ಯಾರು ಯಾರಿಗೆ ಹೇಳಿಕೊಟ್ಟರು? ಮತ್ತೆ, ಏಳನೇ ಕ್ಲಾಸಲ್ಲಿ ನನಗೆ ಯಾಕೆ ಯಾರೂ ಹೇಳಲಿಲ್ಲ? ಅವತ್ತು ಮೈದಾನದಲ್ಲಿ ಎರಡು ಗೋಣಿಚೀಲ ಹಾಸಿ, ಸಾಲಲ್ಲಿ ನಿಲ್ಲಿಸಿ, ಸೀಟಿ ಊದಿದ್ರು. ಸೀಟಿಗೊಬ್ಬ ಉರುಳಬೇಕು. ನನ್ನ ಸೀಟಿ ಬಂತು, ನಾನು ನೆತ್ತಿ ಊರಿ ಉರುಳಿದೆ, ಕತ್ತಿನಲ್ಲಿ ಟಕ್ ಅಂತ ಒಂದು ಸದ್ದು. ಹತ್ತು ದಿನ ಎಡಗಡೆ ತಿರುಗಿ ನೋಡೋಕಾಗಲಿಲ್ಲ, ಪೂರ್ತಿ ಮೈ ತಿರುಗಿಸಬೇಕಿತ್ತು. ಕ್ಲಾಸಲ್ಲಿ ಎಲ್ರೂ ನನ್ನನ್ನ ರೋಬೋ ಅಂತಿದ್ರು. ಅಷ್ಟಕ್ಕೇ ಮುಗೀತು, ಅದು ನನ್ನ ಅದೃಷ್ಟ. ಎಂಥಾ ಅದೃಷ್ಟ ಅನ್ನೋದು ಈ ಎಪಿಸೋಡ್‌ಗಾಗಿ ಓದ್ತಾ ಹೋದಾಗ ಗೊತ್ತಾಯ್ತು.

ಮೊದಲು ನಮ್ಮ ಭಾಷೆಯಿಂದಲೇ ಶುರು ಮಾಡೋಣ. ಕನ್ನಡದಲ್ಲಿ ಈ ಉರುಳಿಗೆ ಲಾಗ ಅಂತ ಚೆಂದದ ಪದ ಇದೆ. ಲಾಗ ಹಾಕೋದು, ಲಾಗ ಹೊಡೆಯೋದು. ಇನ್ನೂ ದೊಡ್ಡದಾದರೆ ತಿಪ್ಪರಲಾಗ. "ನೀನು ತಿಪ್ಪರಲಾಗ ಹಾಕಿದ್ರೂ ಈ ಕೆಲಸ ಆಗಲ್ಲ" ಅಂತ ಅಜ್ಜಿಯಂದಿರು ಹೇಳೋದನ್ನ ನೀವು ಕೇಳಿರ್ತೀರಿ. ಮನುಷ್ಯನ ಕೈಲಿ ಆಗೋ ಕೊನೆಯ ಸಾಹಸ ಅಂದ್ರೆ ತಿಪ್ಪರಲಾಗ, ಅದಕ್ಕಿಂತ ಮುಂದೆ ಏನೂ ಇಲ್ಲ ಅನ್ನೋ ಅರ್ಥ ಆ ಮಾತಿನೊಳಗೆ ಇದೆ. ಈಗ ಪಲ್ಟಿ ಅನ್ನೋ ಪದವೇ ಜಾಸ್ತಿ ಬಳಕೆಯಲ್ಲಿದೆ, ಅದೂ ಹೆಚ್ಚಾಗಿ ಲಾರಿಗಳ ವಿಷಯದಲ್ಲಿ.

ಅಜ್ಜಿಯಂದಿರು ಈ ಲಾಗವನ್ನ ಎಲ್ಲಿ ನೋಡಿದ್ರು? ಬೀದಿಯಲ್ಲಿ. ದೊಂಬರಾಟ ಬರ್ತಿತ್ತು. ಎರಡು ಬೊಂಬು ನೆಟ್ಟು, ಹಗ್ಗ ಕಟ್ಟಿ, ಡೋಲು ಬಾರಿಸಿ, ಅಪ್ಪ ಅಮ್ಮ ಮಕ್ಕಳು ಎಲ್ಲ ಸೇರಿ ಆಡೋ ಆಟ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ದೊಮ್ಮರ ಸಮುದಾಯದ ಬಗ್ಗೆ ಬರೆದಿದೆ, ಲಾಗ ಹಾಕುವವರು, ಕಸರತ್ತು ಮಾಡುವವರು ಅಂತ. ಬ್ರಿಟಿಷ್ ಅಧಿಕಾರಿ ಅವರನ್ನ ಒಂದು ಕಪಾಟಿನಲ್ಲಿಡೋ ವಸ್ತು ಥರ ವರ್ಣಿಸ್ತಾನೆ. ಆದ್ರೆ ಒಂದು ಯೋಚನೆ ಮಾಡಿ. ಕೆಳಗೆ ಮ್ಯಾಟ್ ಇಲ್ಲ, ಸ್ಪ್ರಿಂಗ್ ಇಲ್ಲ, ಸಂತೆ ಬೀದಿಯ ಗಟ್ಟಿ ಮಣ್ಣು. ಅಲ್ಲಿ ಆರು ವರ್ಷದ ಮಗು ದಿನಕ್ಕೆ ನಾಲ್ಕು ಊರಲ್ಲಿ ಲಾಗ ಹಾಕಬೇಕು ಅಂದ್ರೆ, ಕತ್ತು ಉಳಿಸಿಕೊಳ್ಳೋ ವಿದ್ಯೆ ಆ ಮನೆಯಲ್ಲಿ ಪಕ್ಕಾ ಇರಲೇಬೇಕು. ಅದನ್ನ ಯಾರೂ ಬರೆದಿಡಲಿಲ್ಲ. ಅಮ್ಮನ ಕೈಯಿಂದ ಮಗುವಿನ ತಲೆಗೆ ಹೋಗಿದ್ದು ಅಷ್ಟೇ. ಆಟ ನೋಡಿ ಕಾಸು ಹಾಕಿದ ಯಾರೂ ಅದನ್ನ ವಿದ್ಯೆ ಅಂತ ಕರೀಲಿಲ್ಲ. ಬದಲಿಗೆ "ದೊಂಬರಾಟ ಮಾಡಬೇಡ" ಅನ್ನೋ ಬೈಗುಳ ನಮಗೆ ಉಳೀತು.

ಇದೇ ತಾತ್ಸಾರ ಯುರೋಪಿನಲ್ಲೂ ಇತ್ತು. ಲಾಗ ಹಾಕೋರು ಅಂದ್ರೆ ಜಾತ್ರೆಯವರು, ಊರೂರು ಅಲೆಯೋರು. ಅಂಥ ಕಾಲದಲ್ಲಿ ಒಬ್ಬ ಮನುಷ್ಯ ಕೂತು ಪುಸ್ತಕ ಬರೆದ. ಹೆಸರು ಆರ್ಕಾಂಜೆಲೊ ಟುಕ್ಕಾರೊ. ಇಟಲಿಯ ಲಾಕ್ವಿಲಾ ಊರಿನವನು. ಮೊದಲು ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ಆಸ್ಥಾನದಲ್ಲಿದ್ದ. ಅವನ ಮಗಳು ಎಲಿಸಬೆತ್ 1570ರಲ್ಲಿ ಫ್ರಾನ್ಸಿನ ರಾಜ ಒಂಬತ್ತನೇ ಚಾರ್ಲ್ಸ್‌ನನ್ನ ಮದುವೆಯಾದ ಮೇಲೆ ಇವನ ಕೆಲಸ ಫ್ರಾನ್ಸಿನಲ್ಲಿ. ಲಾಗ ಹಾಕೋದೇ ಕೆಲಸ, ರಾಜನಿಗೂ ಹೇಳಿಕೊಡ್ತಿದ್ದ. 1599ರಲ್ಲಿ ಪ್ಯಾರಿಸ್‌ನಲ್ಲಿ ಅವನ ಪುಸ್ತಕ ಅಚ್ಚಾಯ್ತು. ಮೂರು ಸಂವಾದಗಳು, ಹಾರೋದರ ಬಗ್ಗೆ, ಗಾಳಿಯಲ್ಲಿ ತಿರುಗೋದರ ಬಗ್ಗೆ. 80ಕ್ಕೂ ಹೆಚ್ಚು ಚಿತ್ರಗಳು. ಸಾಲಾಗಿ ಹಿಡಿದ ಬಳೆಗಳ ಒಳಗಿಂದ ಒಬ್ಬ ತೂರಿ ಹೋಗೋ ಚಿತ್ರ ಇವತ್ತು ನೋಡಿದ್ರೂ ಮೈ ಜುಮ್ ಅನ್ನುತ್ತೆ.

ನನಗೆ ಅದರಲ್ಲಿ ಇಷ್ಟವಾದದ್ದು ಅವನ ಹಠ. ಇದು ಜಾತ್ರೆಯ ಮಂಗಾಟ ಅಲ್ಲ, ಇದಕ್ಕೆ ನಿಯಮ ಇದೆ, ಅಳತೆ ಇದೆ, ಇದನ್ನ ಕಲಿಸಬಹುದು ಅಂತ ವಾದ ಮಾಡ್ತಾನೆ. ಒಂದು ಚಲನೆಯನ್ನ ಬಿಡಿಸಿ, ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಕೊನೆ ಅಂತ ಕಾಗದದ ಮೇಲೆ ಇಡೋದು ಆ ಕಾಲಕ್ಕೆ ದೊಡ್ಡ ಕೆಲಸ. ರಾಜರ ಮನೆಯ ಮಾತಿನ ಧಾಟಿಯಲ್ಲಿ, ಪ್ರಾಚೀನ ಗ್ರೀಕರನ್ನೆಲ್ಲ ಎಳೆದು ತಂದು ಬರೀತಾನೆ. ಸ್ವಲ್ಪ ಬೋರ್ ಹೊಡೆಸುತ್ತೆ, ನಿಜ. ಬೀದಿಯ ವಿದ್ಯೆಗೆ ಮರ್ಯಾದೆ ಕೊಡಿಸೋಕೆ ಅಷ್ಟು ಸುತ್ತು ಹಾಕಬೇಕಿತ್ತು ಅನ್ಸುತ್ತೆ.

ಹಾಗಾದ್ರೆ ಬಿಡಿಸಿ ನೋಡಿದಾಗ ಈ ಉರುಳಿನೊಳಗೆ ಏನಿದೆ? ಎರಡು ತಿಂಗಳಿಂದ ನನ್ನ ತಲೆಗೆ ಹೋಗಿರೋದನ್ನ ಹೇಳ್ತೀನಿ.

ನಾವು ಉರುಳೋದು ತಲೆ ಮೇಲೆ ಅಂತ ಅಂದ್ಕೊಂಡಿರ್ತೀವಿ. ತಪ್ಪೇ ಅಲ್ಲಿ. ಉರುಳೋದು ಬೆನ್ನಿನ ಮೇಲೆ. ತಲೆ ದಾರಿ ಬಿಟ್ಟು ಸರೀಬೇಕು ಅಷ್ಟೇ. ಕುಕ್ಕರುಗಾಲಲ್ಲಿ ಕೂತು, ಎರಡೂ ಅಂಗೈಯನ್ನ ಭುಜದಷ್ಟು ಅಗಲಕ್ಕೆ ಮುಂದೆ ಊರಬೇಕು, ಬೆರಳು ಮುಂದಕ್ಕೆ. ಆಮೇಲೆ ಸೊಂಟ ಮೇಲಕ್ಕೆ, ತಲೆಗಿಂತ ಎತ್ತರಕ್ಕೆ. ಇಲ್ಲಿ ಕಾಲು ತಳ್ಳುತ್ತೆ, ಕೈ ಭಾರ ಹೊರುತ್ತೆ. ಆ ಕ್ಷಣದಲ್ಲಿ ಗದ್ದ ಎದೆಗೆ ಅಂಟಿರಬೇಕು, ಕಣ್ಣು ಹೊಟ್ಟೆ ಕಡೆ ನೋಡ್ತಿರಬೇಕು. ಹೊಟ್ಟೆ ನೋಡು ಅನ್ನೋ ಮಾತು ಗದ್ದ ಒಳಗೆ ಅನ್ನೋದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ನಮ್ಮ ಕ್ಲಾಸಲ್ಲಿ ಕೋಚ್ "ಗಲ್ಲ ಒಳಗೆ" ಅಂದಾಗ ಹುಬ್ಬಳ್ಳಿಯ ಹುಡುಗ ಕೆನ್ನೆ ಮುಟ್ಟಿ ನೋಡ್ಕೊಂಡ. ಅವರ ಕಡೆ ಗಲ್ಲ ಅಂದ್ರೆ ಕೆನ್ನೆ ತಾನೆ.

ಗದ್ದ ಒಳಗಿದ್ದಾಗ ಕತ್ತು ಬಾಗುತ್ತೆ, ಮೇಲ್ಬೆನ್ನು ಕಮಾನಾಗುತ್ತೆ. ತಲೆಯ ಹಿಂಭಾಗ ಮ್ಯಾಟನ್ನ ಸವರಿದ್ರೆ ಸವರಬಹುದು, ಆದ್ರೆ ಭಾರ ಬೀಳೋದು ಭುಜಗಳ ನಡುವಿನ ಬೆನ್ನಿಗೆ. ಅಲ್ಲಿಂದ ಬೆನ್ನುಮೂಳೆಯ ಒಂದೊಂದೇ ಮಣಿ ನೆಲಕ್ಕೆ ಇಳೀತಾ ಹೋಗುತ್ತೆ, ತೊಟ್ಟಿಲು ಕುರ್ಚಿಯ ಹಾಗೆ. ಕೊನೆಗೆ ಹಿಮ್ಮಡಿ ಪೃಷ್ಠದ ಹತ್ತಿರ ಬರಬೇಕು, ಕೈ ಮುಂದಕ್ಕೆ ಚಾಚಬೇಕು, ಕೈ ಊರದೆ ಎದ್ದು ನಿಲ್ಲಬೇಕು. ಎದ್ದು ನಿಲ್ಲೋಕೆ ನನಗೆ ಮೂರು ವಾರ ಹಿಡೀತು. ಮಧ್ಯದಲ್ಲಿ ಕಾಲು ಬಿಚ್ಚಿಬಿಟ್ರೆ ವೇಗ ಸತ್ತೋಗುತ್ತೆ. ಮೈ ಮುದುರಿದಷ್ಟೂ ತಿರುಗೋ ವೇಗ ಜಾಸ್ತಿ. ತಿರುಗೋ ಸ್ಟೂಲ್ ಮೇಲೆ ಕೂತು ಕೈ ಒಳಗೆಳ್ಕೊಂಡ್ರೆ ಜೋರಾಗಿ ಸುತ್ತುತ್ತೀವಲ್ಲ, ಅದೇ ಲೆಕ್ಕ.

ಈಗ ಗದ್ದ ಹೊರಗಿದ್ರೆ ಏನಾಗುತ್ತೆ? ನೆತ್ತಿ ನೆಲಕ್ಕೆ ಮೊದಲು ತಾಗುತ್ತೆ. ತಲೆ ನಿಂತುಬಿಡುತ್ತೆ, ಮೈ ನಿಲ್ಲಲ್ಲ. ಹಿಂದಿಂದ ಬರೋ ಪೂರ್ತಿ ಭಾರ ಕತ್ತಿನ ಏಳು ಮಣಿಗಳ ಮೇಲೆ ಕೂರುತ್ತೆ. ಆ ಮಣಿಗಳ ಒಳಗಿಂದಾನೇ ಬೆನ್ನುಹುರಿ ಹೋಗೋದು. ಉಸಿರಿಗೆ, ಕೈಗೆ, ಕಾಲಿಗೆ ಎಲ್ಲಾ ತಂತಿ ಅಲ್ಲೇ. ಏಳನೇ ಕ್ಲಾಸಿನ ನನ್ನ ಟಕ್ ಸದ್ದು ಅಲ್ಲಿಂದ ಬಂದದ್ದು.

ಇಲ್ಲೊಂದು ಮಾತು: ಇದನ್ನ ಕೇಳಿ ಈಗಲೇ ಮಂಚದ ಮೇಲೆ ಟ್ರೈ ಮಾಡಬೇಡಿ. ಕತ್ತು ನೋವು ಇರೋರು, ಹಿಂದೆ ಪೆಟ್ಟು ಬಿದ್ದಿರೋರು ಅಂತೂ ಬೇಡವೇ ಬೇಡ. ಕಲಿಸೋರು ಪಕ್ಕದಲ್ಲಿರಲಿ. ಮೊದಲು ಇಳಿಜಾರು ಮ್ಯಾಟ್ ಮೇಲೆ ಮಾಡಿಸ್ತಾರೆ. ಇಳಿಜಾರು ಅರ್ಧ ಕೆಲಸ ತಾನೇ ಮಾಡುತ್ತೆ, ತಲೆಗೆ ಜಾಗ ಸಿಗುತ್ತೆ. ಅದಕ್ಕೂ ಮುಂಚೆ ಬರೀ ಬೆನ್ನ ಮೇಲೆ ಹಿಂದೆ ಮುಂದೆ ತೂಗಾಡಿಸ್ತಾರೆ. ಹಂತ ಹಂತವಾಗಿ.

ಹಂತ ಹಂತ ಅನ್ನೋ ಪದ ಇಟ್ಕೊಂಡು ಜರ್ಮನಿಗೆ ಹೋಗೋಣ, ಯಾಕಂದ್ರೆ ಶಾಲೆಗೆ ಈ ಕಸರತ್ತು ಬಂದದ್ದು ಅಲ್ಲಿಂದ. ಷ್ನೆಪ್ಫೆಂಟಾಲ್ ಅನ್ನೋ ಹಳ್ಳಿಯಲ್ಲಿ 1784ರಲ್ಲಿ ಒಂದು ಶಾಲೆ ಶುರುವಾಯ್ತು. ಅಲ್ಲಿ ಗುಟ್ಸ್‌ಮುಟ್ಸ್ ಅನ್ನೋ ಮೇಷ್ಟ್ರು. 1793ರಲ್ಲಿ ಯುವಕರ ಜಿಮ್ನಾಸ್ಟಿಕ್ಸ್ ಬಗ್ಗೆ ಅವರು ಬರೆದ ಪುಸ್ತಕವೇ ಯುರೋಪಿನ ಶಾಲಾ ವ್ಯಾಯಾಮಕ್ಕೆ ಬುನಾದಿ. ಈ ಮೇಷ್ಟ್ರ ವಿಶೇಷ ಏನಂದ್ರೆ ಪ್ರತಿ ಹುಡುಗ ಎಷ್ಟು ಹಾರಿದ, ಎಷ್ಟು ಸುಧಾರಿಸಿದ ಅಂತ ಬರೆದಿಡ್ತಿದ್ರು. ಅಂದ್ರೆ ಒಬ್ಬೊಬ್ಬ ಹುಡುಗನನ್ನೂ ಬೇರೆ ಬೇರೆಯಾಗಿ ನೋಡ್ತಿದ್ರು.

ಆಮೇಲೆ ಬಂದವನು ಫ್ರೀಡ್ರಿಷ್ ಲುಡ್ವಿಗ್ ಯಾನ್. ನೆಪೋಲಿಯನ್ ಪ್ರಷ್ಯಾವನ್ನ ಸೋಲಿಸಿದ ಮೇಲೆ, ಅವಮಾನದಿಂದ ಕುದಿಯುತ್ತಿದ್ದ ದೇಶಪ್ರೇಮಿ. 1811ರಲ್ಲಿ ಬರ್ಲಿನ್ ಹೊರಗಿನ ಹಾಸೆನ್‌ಹೈಡೆ ಬಯಲಲ್ಲಿ ಹುಡುಗರನ್ನ ಸೇರಿಸಿ ಕಂಬ, ಬಾರ್, ಹಗ್ಗ ಅಂತ ಕಸರತ್ತು ಶುರು ಮಾಡಿದ. ಅವನಿಗೆ ಬೇಕಾಗಿದ್ದು ಸೈನಿಕರು, ಕಸರತ್ತು ಅದಕ್ಕೆ ದಾರಿ. ಅವನ ದೇಶಪ್ರೇಮದಲ್ಲಿ ಬೇರೆಯವರ ಮೇಲಿನ ದ್ವೇಷವೂ ಧಾರಾಳವಾಗಿತ್ತು, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. 1819ರಲ್ಲಿ ಕೋಟ್ಸೆಬ್ಯೂ ಅನ್ನೋ ನಾಟಕಕಾರನನ್ನ ಒಬ್ಬ ವಿದ್ಯಾರ್ಥಿ ಇರಿದು ಕೊಂದ. ಆ ವರ್ಷವೇ ಯಾನ್‌ನನ್ನ ಬಂಧಿಸಿದ್ರು, 1820ರಿಂದ 1842ರವರೆಗೆ ಪ್ರಷ್ಯಾದಲ್ಲಿ ಬಯಲು ಕಸರತ್ತಿಗೇ ನಿಷೇಧ. ಲಾಗ ಹಾಕಿದ್ರೆ ಸರ್ಕಾರ ಬೀಳುತ್ತೆ ಅಂತ ಹೆದರಿದ ರಾಜ್ಯ ಅದು!

ನಿಷೇಧ ಹೋದ ಮೇಲೆ ಕಸರತ್ತು ವಾಪಸ್ ಬಂತು, ಆದ್ರೆ ಪಳಗಿಸಿಕೊಂಡು. ಇಲ್ಲಿ ಅಡಾಲ್ಫ್ ಷ್ಪೀಸ್ ಅನ್ನೋನ ಪ್ರವೇಶ. ಯಾವ ಸಾಮಾನೂ ಬೇಡ, ನೆಲ ಒಂದಿದ್ರೆ ಸಾಕು, ಸಾಲಾಗಿ ನಿಂತು ಆಜ್ಞೆಗೆ ತಕ್ಕ ಹಾಗೆ ಎಲ್ಲರೂ ಒಟ್ಟಿಗೆ ಮಾಡೋ ವ್ಯಾಯಾಮಗಳನ್ನ ಅವನು ಶಾಲೆಗಳಿಗೆ ತಂದ. ಹುಡುಗಿಯರಿಗೂ ಕಲಿಸಬೇಕು ಅಂದ, ಆ ಕಾಲಕ್ಕೆ ಒಳ್ಳೇ ಮಾತು. ಆ ವ್ಯಾಯಾಮಗಳಿಗೆ ಇಟ್ಟ ಹೆಸರು ಮುಕ್ತ ವ್ಯಾಯಾಮ. ಇವತ್ತಿನ ಒಲಿಂಪಿಕ್ಸ್ ಫ್ಲೋರ್ ಎಕ್ಸರ್‌ಸೈಜ್‌ನ ಬೇರು ಇದೇ. ಹೆಸರಿಗೆ ಮುಕ್ತ, ಆದ್ರೆ ಒಬ್ಬ ಹೇಳಬೇಕು, ಐವತ್ತು ಜನ ಒಂದೇ ಸಲ ಮಾಡಬೇಕು.

ಸೀಟಿ ಎಲ್ಲಿಂದ ಬಂತು ಗೊತ್ತಾಯ್ತಲ್ಲ? ಸ್ವೀಡನ್ನಿನಲ್ಲಿ ಪೆಹರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರು ಮಾಡಿದ ಸಂಸ್ಥೆಯ ಪದ್ಧತಿಯೂ ಹೀಗೇ ಆಜ್ಞೆಯ ಮೇಲೇ ನಡೀತಿತ್ತು. ಅದನ್ನ ಬ್ರಿಟಿಷ್ ಶಾಲೆಗಳು ತಗೊಂಡ್ವು. ಬ್ರಿಟಿಷರ ಜೊತೆ ಡ್ರಿಲ್ ನಮ್ಮ ಶಾಲೆಗಳಿಗೂ ಬಂತು. ನಮ್ಮ ಅಪ್ಪಂದಿರ ಕಾಲದವರೆಗೂ ಪಿ.ಟಿ. ಮೇಷ್ಟ್ರಿಗೆ ಡ್ರಿಲ್ ಮೇಷ್ಟ್ರು ಅಂತಲೇ ಹೆಸರು. ನಾನು ಅವತ್ತಿನ ನನ್ನ ಮೇಷ್ಟ್ರನ್ನ ಬಯ್ಯಬೇಕು ಅಂತ ಇದನ್ನ ಹೇಳ್ತಿಲ್ಲ. ಅರವತ್ತು ಮಕ್ಕಳು, ಎರಡು ಗೋಣಿಚೀಲ, ನಲವತ್ತು ನಿಮಿಷ. ಅವರಿಗೂ ಯಾರೂ ಕರ್ಚೀಫಿನ ವಿಷಯ ಹೇಳಿರಲಿಲ್ಲವೇನೋ. ಆದ್ರೆ ಗುಟ್ಸ್‌ಮುಟ್ಸ್‌ನ ನೋಟ್‌ಬುಕ್ಕು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿ, ಸೀಟಿ ಮಾತ್ರ ನಮ್ಮೂರಿಗೆ ತಲುಪಿತು ಅನ್ನೋದು ನನ್ನ ಕೊರಗು.

ಸ್ವಲ್ಪ ಮೈಸೂರಿಗೆ ಹೋಗಿ ಬರೋಣ, ಸುಮ್ಮನೆ ಅಲ್ಲ, ನಿಜವಾದ ನಂಟು ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ್ರು. ಅರಮನೆಯಲ್ಲಿ ಮೊದಲಿನಿಂದಲೂ ಜಿಮ್ನಾಸ್ಟಿಕ್ಸ್ ಪರಂಪರೆ ಇತ್ತು, ಯೋಗದ ಕೆಲವು ಚಲನೆಗಳ ಮೇಲೆ ಅದರ ನೆರಳು ಬಿದ್ದಿದೆ ಅಂತ ಸಂಶೋಧಕ ನಾರ್ಮನ್ ಸ್ಜೋಮನ್ ವಾದ ಮಾಡಿದ್ದಾರೆ. ಎಲ್ಲರೂ ಒಪ್ಪಲ್ಲ. ನಾನು ತೀರ್ಪು ಕೊಡೋನಲ್ಲ. ಆದ್ರೆ ಅದೇ ಶಾಲೆಯಲ್ಲಿ ಕಲಿತ ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯಲ್ಲಿ ಚಕ್ರಾಸನ ಅಂತ ಹೇಳೋದು ಹಿಂದಕ್ಕೆ ಹಾಕೋ ಪೂರ್ತಿ ಲಾಗ. ಗರ್ಭಪಿಂಡಾಸನದಲ್ಲಿ ಪದ್ಮಾಸನದ ಕಾಲೊಳಗೆ ಕೈ ತೂರಿಸಿ, ಬೆನ್ನ ಮೇಲೆ ಉರುಳ್ತಾ ಸುತ್ತು ಬರ್ತಾರೆ. ಗೋಕುಲಂಗೆ ಬರೋ ವಿದೇಶಿಯರು ಬೆವರು ಸುರಿಸಿ ಕಲಿಯೋ ವಿದ್ಯೆಯಲ್ಲಿ ಒಂದು ತುಂಡು, ನಮ್ಮ ಸಂತೆ ಬೀದಿಯ ಮಕ್ಕಳಿಗೂ ಗೊತ್ತಿತ್ತು. ಒಂದಕ್ಕೆ ಡಾಲರ್, ಇನ್ನೊಂದಕ್ಕೆ ಬೈಗುಳ.

ಜಪಾನಿನವರದ್ದು ಇನ್ನೊಂದೇ ದಾರಿ. 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೊ, ಎದುರಾಳಿಯನ್ನ ಎಸೆಯೋ ವಿದ್ಯೆಯ ಜೊತೆಗೇ ಬೀಳೋ ವಿದ್ಯೆಯನ್ನೂ ಇಟ್ಟರು. ಜೂಡೋ ಕ್ಲಾಸಿನಲ್ಲಿ ಇವತ್ತಿಗೂ ಮೊದಲು ಕಲಿಯೋದು ಬೀಳೋದನ್ನ. ಅವರ ಉರುಳು ನೇರ ಅಲ್ಲ, ಓರೆ. ಒಂದು ಕೈಯಿಂದ ಶುರುವಾಗಿ, ಆ ಭುಜ, ಬೆನ್ನಿನ ಅಡ್ಡಕ್ಕೆ, ಎದುರು ಸೊಂಟಕ್ಕೆ. ತಲೆ ನೆಲಕ್ಕೆ ತಾಗೋದೇ ಇಲ್ಲ. ಪಾರ್ಕೋರ್ ಹುಡುಗರು ಗೋಡೆಯಿಂದ ಹಾರಿ ಕಾಂಕ್ರೀಟ್ ಮೇಲೆ ಉರುಳೋದನ್ನ ರೀಲ್‌ನಲ್ಲಿ ನೋಡಿದ್ದೀರಲ್ಲ, ಅವರೂ ಉರುಳೋದು ಓರೆಯಾಗೇ. ಗಟ್ಟಿ ನೆಲಕ್ಕೆ ಓರೆ ಉರುಳು, ಮೆತ್ತಗಿನ ಮ್ಯಾಟಿಗೆ ನೇರ ಉರುಳು. ಎರಡಕ್ಕೂ ಶತ್ರು ಒಂದೇ, ನೆತ್ತಿಯ ಮೇಲಿನ ಭಾರ.

ಇನ್ನು ಒಲಿಂಪಿಕ್ಸ್. 1896ರ ಅಥೆನ್ಸ್‌ನಿಂದಲೇ ಜಿಮ್ನಾಸ್ಟಿಕ್ಸ್ ಇದೆ, ಆದ್ರೆ ಫ್ಲೋರ್‌ಗೆ ಅಂತ ಒಂಟಿ ಪದಕ ಬಂದದ್ದು 1932ರ ಲಾಸ್ ಏಂಜಲೀಸ್‌ನಲ್ಲಿ, ಗಂಡಸರಿಗೆ. ಹಂಗೇರಿಯ ಇಶ್ತ್ವಾನ್ ಪೆಲ್ಲೆ ಗೆದ್ದ. ಅದೇ ಒಲಿಂಪಿಕ್ಸ್‌ನಲ್ಲಿ ಇಂಡಿಯನ್ ಕ್ಲಬ್ಸ್ ಅಂತ ಒಂದು ಸ್ಪರ್ಧೆ ಇತ್ತು. ನಮ್ಮ ಗರಡಿಮನೆಯ ಮುದ್ಗರವನ್ನ ಬ್ರಿಟಿಷರು ನೋಡಿ, ಸಣ್ಣದು ಮಾಡಿ ಒಯ್ದದ್ದು. ಅದರ ಪದಕ ಗೆದ್ದದ್ದು ಅಮೆರಿಕದವರು.

ಹೆಂಗಸರಿಗೆ ಫ್ಲೋರ್ ಪದಕ ಬರೋಕೆ ಇನ್ನೂ 20 ವರ್ಷ. 1952, ಹೆಲ್ಸಿಂಕಿ. ಗೆದ್ದವಳು ಹಂಗೇರಿಯ ಆಗ್ನೆಸ್ ಕೆಲೆಟಿ. ಯಹೂದಿ. ನಾತ್ಸಿಗಳ ಕಾಲದಲ್ಲಿ ಬೇರೆಯವರ ಹೆಸರಿನ ಕಾಗದಪತ್ರ ಇಟ್ಕೊಂಡು, ಮನೆಗೆಲಸ ಮಾಡ್ಕೊಂಡು ಜೀವ ಉಳಿಸಿಕೊಂಡವಳು. ಅವಳ ಅಪ್ಪನನ್ನ ಆಶ್ವಿಟ್ಸ್‌ನಲ್ಲಿ ಕೊಂದ್ರು. ಎರಡು ಒಲಿಂಪಿಕ್ಸ್‌ಗಳನ್ನ ಯುದ್ಧ ನುಂಗಿತು, ಮೂರನೆಯದು ಗಾಯದಿಂದ ತಪ್ಪಿತು. ಹೆಲ್ಸಿಂಕಿಯಲ್ಲಿ ಅವಳಿಗೆ 31 ವರ್ಷ. ನನ್ನ ವಯಸ್ಸು. 2025ರ ಜನವರಿಯಲ್ಲಿ ತೀರಿಹೋದಾಗ 103. ನಾನು ಕರ್ಚೀಫು ಹೆಕ್ಕುವಾಗ ಅವಳನ್ನ ನೆನೆಸಿಕೊಳ್ತಿದ್ದೆ. ನಾಚಿಕೆಯಿಂದ, ಮತ್ತೆ ಧೈರ್ಯಕ್ಕೆ ಕೂಡ.

ಈಗ ಈ ಕಥೆಯ ಕಷ್ಟದ ಭಾಗ.

1978, ಫ್ರಾನ್ಸಿನ ಸ್ಟ್ರಾಸ್‌ಬುರ್ಗ್, ವಿಶ್ವ ಚಾಂಪಿಯನ್‌ಶಿಪ್. ಗಂಡಸರ ಫ್ಲೋರ್‌ನಲ್ಲಿ ಅಮೆರಿಕದ ಕರ್ಟ್ ಥಾಮಸ್‌ಗೆ ಚಿನ್ನ. ಹೆಂಗಸರಲ್ಲಿ ಆಲ್‌ರೌಂಡ್ ಚಿನ್ನ ಸೋವಿಯತ್ ರಷ್ಯಾದ ಎಲೆನಾ ಮುಖಿನಾಗೆ. 18 ವರ್ಷ. ನಾದಿಯಾ ಕೊಮನೆಚಿ ಕೂಡ ಆ ಸ್ಪರ್ಧೆಯಲ್ಲಿದ್ದಳು. ಮುಖಿನಾ ಚಿಕ್ಕವಳಿದ್ದಾಗಲೇ ಅಮ್ಮನನ್ನ ಕಳ್ಕೊಂಡು ಅಜ್ಜಿಯ ಹತ್ತಿರ ಬೆಳೆದವಳು. ಫ್ಲೋರ್ ಚಿನ್ನವನ್ನೂ ಅವಳು ಅಲ್ಲಿ ನೆಲ್ಲಿ ಕಿಮ್ ಜೊತೆ ಹಂಚಿಕೊಂಡಳು.

ಥಾಮಸ್ ಹೆಸರಲ್ಲಿ ಒಂದು ಲಾಗ ಇದೆ, ಥಾಮಸ್ ಸಾಲ್ಟೊ. ಹಿಂದಕ್ಕೆ ಜಿಗಿದು ಗಾಳಿಯಲ್ಲೇ ಒಂದೂವರೆ ಸುತ್ತು ತಿರುಗಬೇಕು, ಜೊತೆಗೆ ಒಂದೂವರೆ ಸುತ್ತು ಮೈ ತಿರುಚಬೇಕು. ಒಂದೂವರೆ ಅನ್ನೋದನ್ನ ಗಮನಿಸಿ. ಒಂದು ಅಥವಾ ಎರಡು ಸುತ್ತಾದ್ರೆ ಕಾಲ ಮೇಲೆ ಇಳೀತೀವಿ. ಒಂದೂವರೆ ಅಂದ್ರೆ ತಲೆ ಕೆಳಗೆ. ಹಾಗಾದ್ರೆ ಇಳಿಯೋದು ಹೇಗೆ? ಫಾರ್ವರ್ಡ್ ರೋಲ್ ಮಾಡ್ತಾ. ಕೈ ನೆಲ ಮುಟ್ಟೋ ಆ ಒಂದು ಕ್ಷಣದಲ್ಲಿ ಗದ್ದ ಎದೆಗೆ ಹೋಗಬೇಕು, ಬೆನ್ನು ಕಮಾನಾಗಬೇಕು, ಉರುಳಿ ಎದ್ದು ನಿಲ್ಲಬೇಕು. ಜಗತ್ತಿನ ಅತ್ಯಂತ ಕಷ್ಟದ ಲಾಗಗಳಲ್ಲಿ ಒಂದರ ಕೊನೆಯ ತುಂಡು, ನಾನು ಕರ್ಚೀಫು ಇಟ್ಕೊಂಡು ಕಲೀತಿರೋ ಅದೇ ಮೊದಲ ಪಾಠ. ಬರೀ ವೇಗ ಬೇರೆ.

ಮುಖಿನಾಳ ಕೋಚ್ ಈ ಗಂಡಸರ ಲಾಗವನ್ನ ಅವಳ ಫ್ಲೋರ್‌ಗೆ ಸೇರಿಸಿದ. ಅಷ್ಟರಲ್ಲಿ 1979ರಲ್ಲಿ ಅವಳ ಕಾಲು ಮುರೀತು. ಪೂರ್ತಿ ವಾಸಿಯಾಗೋ ಮುಂಚೆ ಪ್ಲಾಸ್ಟರ್ ಬಿಚ್ಚಿ ತರಬೇತಿಗೆ ಎಳೆದ್ರು, ಯಾಕಂದ್ರೆ 1980ರ ಒಲಿಂಪಿಕ್ಸ್ ಮಾಸ್ಕೋದಲ್ಲಿ, ಸ್ವಂತ ಊರಲ್ಲಿ. ಈ ಲಾಗ ಜಿಗಿಯೋಕೆ ಕಾಲಿನ ಬಲ ಬೇಕು. ಕಾಲಿನಲ್ಲಿ ಬಲ ಇಲ್ಲದಿದ್ರೆ ಎತ್ತರ ಸಿಗಲ್ಲ, ಎತ್ತರ ಇಲ್ಲದಿದ್ರೆ ಸುತ್ತು ಮುಗಿಯಲ್ಲ, ಸುತ್ತು ಮುಗಿಯದಿದ್ರೆ ಉರುಳೋಕೆ ಸಮಯ ಇಲ್ಲ. ಇದರಲ್ಲಿ ಕತ್ತು ಮುರ್ಕೋತೀನಿ ಅಂತ ತಾನು ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಅವಳು ವರ್ಷಗಳ ನಂತರ ಸಂದರ್ಶನದಲ್ಲಿ ಹೇಳಿದಳು.

1980 ಜುಲೈ 3, ಮಿನ್ಸ್ಕ್. ಒಲಿಂಪಿಕ್ಸ್‌ಗೆ ಇನ್ನೂ ಎರಡು ವಾರ ಇತ್ತು. ಅಭ್ಯಾಸದಲ್ಲಿ ಥಾಮಸ್ ಸಾಲ್ಟೊ ಹಾಕಿದಳು. ಸುತ್ತು ಪೂರ್ತಿಯಾಗಲಿಲ್ಲ. ಗದ್ದ ನೆಲಕ್ಕೆ ಬಡೀತು. ಒಳಗಿರಬೇಕಾದ ಗದ್ದವೇ ಮೊದಲು ನೆಲಕ್ಕೆ ತಾಗಿತು. ಕತ್ತು ಮುರೀತು. 20 ವರ್ಷದ ಹುಡುಗಿ ಕತ್ತಿನಿಂದ ಕೆಳಗೆ ಸ್ವಾಧೀನ ಕಳ್ಕೊಂಡಳು. ಸೋವಿಯತ್ ಅಧಿಕಾರಿಗಳು ನಿಜವಾಗಿ ಏನಾಯ್ತು ಅಂತ ಬಹಳ ಕಾಲ ಬಾಯಿ ಬಿಡಲಿಲ್ಲ. ಒಲಿಂಪಿಕ್ಸ್ ನಡೀತು. ಕರ್ಟ್ ಥಾಮಸ್ ಕೂಡ ಅಲ್ಲಿ ಇರಲಿಲ್ಲ, ಅಮೆರಿಕ ಬಹಿಷ್ಕಾರ ಹಾಕಿತ್ತು. ಆ ಲಾಗಕ್ಕೆ ಹೆಸರು ಕೊಟ್ಟವನೂ ಇಲ್ಲ, ಅದರಿಂದ ಬಿದ್ದವಳೂ ಇಲ್ಲ. ಮುಖಿನಾ 26 ವರ್ಷ ಹಾಗೇ ಬದುಕಿ, 2006ರ ಡಿಸೆಂಬರ್‌ನಲ್ಲಿ ತೀರಿಕೊಂಡಳು. 46 ವರ್ಷ.

ಇದನ್ನ ಓದಿದ ರಾತ್ರಿ ನಾನು ಕತ್ತನ್ನ ಎಡಕ್ಕೆ ಬಲಕ್ಕೆ ಎಷ್ಟು ಸಲ ತಿರುಗಿಸಿ ನೋಡಿದೆನೋ ಲೆಕ್ಕ ಇಲ್ಲ. ಅವಳದ್ದಕ್ಕೂ ನನ್ನ ಗೋಣಿಚೀಲದ್ದಕ್ಕೂ ಹೋಲಿಕೆಯೇ ಇಲ್ಲ, ಗೊತ್ತು. ಅವಳು ವಿಶ್ವ ಚಾಂಪಿಯನ್, ಉರುಳು ಗೊತ್ತಿಲ್ಲದವಳಲ್ಲ. ಅವಳ ಮೈಗೆ ಎಲ್ಲವೂ ಗೊತ್ತಿತ್ತು. ಈ ಕಾಲಿನಲ್ಲಿ ಇದು ಆಗಲ್ಲ ಅನ್ನೋದೂ ಗೊತ್ತಿತ್ತು. ಗೊತ್ತಿದ್ದೂ ಸಾಲಲ್ಲಿ ನಿಲ್ಲಬೇಕಾಯ್ತು, ಸೀಟಿ ಬೇರೆಯವರ ಕೈಲಿತ್ತು. ಕೋಚ್ ಒಬ್ಬನ ಮೇಲೇ ಹೊರಿಸಿ ಕೈ ತೊಳ್ಕೊಳ್ಳೋದು ಸುಲಭ. ಆದ್ರೆ ಚಿನ್ನ ಬೇಕು ಅಂದ ಇಡೀ ವ್ಯವಸ್ಥೆ ಅವನ ಬೆನ್ನ ಹಿಂದೆ ನಿಂತಿತ್ತು, ಬೇಡ ಅನ್ನೋ ಮಾತಿಗೆ ಅಲ್ಲಿ ಜಾಗ ಇರಲಿಲ್ಲ.

ಕೊನೆಗೆ ಉರುಳಿ ಇಳಿಯೋ ಈ ಜಾತಿಯ ಲಾಗಗಳನ್ನ ಹೆಂಗಸರ ಸ್ಪರ್ಧೆಯಲ್ಲಿ ನಿಷೇಧಿಸಿದ್ರು. ಗಂಡಸರು ಮುಂದೆ ಬಹಳ ವರ್ಷ ಹಾಕ್ತಾನೇ ಇದ್ರು. ಈಗ ಅವರಿಗೂ ಇಲ್ಲ. ಇವತ್ತು 12 ಮೀಟರ್ ಉದ್ದ, 12 ಮೀಟರ್ ಅಗಲದ ಆ ಚೌಕದ ಕೆಳಗೆ ಸ್ಪ್ರಿಂಗ್ ಇದೆ, ಮೇಲೆ ಫೋಮ್ ಇದೆ. ಅಭ್ಯಾಸಕ್ಕೆ ಫೋಮ್ ತುಂಬಿದ ಹೊಂಡಗಳಿವೆ. ಇವೆಲ್ಲ ನಮ್ಮ ದೇಶದಲ್ಲಿ ಎಲ್ಲ ಕಡೆ ಇವೆ ಅಂತ ಅಂದ್ಕೊಳ್ಳಬೇಡಿ. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಆಶಿಶ್ ಕುಮಾರ್ ಗೆದ್ದ ಕಂಚು ಅಲ್ಲಿ ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ. ಅದು ಫ್ಲೋರ್‌ನಲ್ಲೇ. 2016ರ ರಿಯೊದಲ್ಲಿ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ದೀಪಾ ಕರ್ಮಾಕರ್ ಅಗರ್ತಲಾದಲ್ಲಿ ಸರಿಯಾದ ಸಲಕರಣೆ ಇಲ್ಲದೆ ಕಲಿತವಳು. ಅವರಿಬ್ಬರೂ ಮೊದಲ ದಿನ ಕಲಿತದ್ದು ಇದೇ ಉರುಳೇ ಇರಬೇಕು. ಯಾರೂ ಕ್ಯಾಮೆರಾ ಹಿಡಿಯದ ದಿನ ಅದು.

ಹೋದ ಭಾನುವಾರ ಕ್ಲಾಸಲ್ಲಿ ಮಕ್ಕಳ ಬ್ಯಾಚ್ ಮುಗಿದಿರಲಿಲ್ಲ. ಏಳೆಂಟು ವರ್ಷದ ಒಬ್ಬಳು ಇಳಿಜಾರು ಮ್ಯಾಟಿನ ತುದಿಯಲ್ಲಿ ಕೂತು, "ಇವತ್ತು ಬೇಡ, ಭಯ ಆಗ್ತಿದೆ" ಅಂದಳು. ಕೋಚ್ ಸರಿ ಅಂದ್ರು. ಪಕ್ಕದಲ್ಲಿ ಕೂತು ಅವಳ ಜೊತೆ ಬೆನ್ನ ಮೇಲೆ ಹಿಂದೆ ಮುಂದೆ ತೂಗಾಡಿದ್ರು, ಹತ್ತು ಹದಿನೈದು ಸಲ. ಅವಳು ನಕ್ಕಳು, ಬಾಟಲಿ ತಗೊಂಡು ನೀರು ಕುಡೀತಾ ಹೊರಗೆ ಹೋದಳು. ಅವತ್ತು ಅವಳು ಉರುಳಲೇ ಇಲ್ಲ.

ಆಮೇಲೆ ನನ್ನ ಸರದಿ. ಕುಕ್ಕರುಗಾಲು, ಕೈ, ಸೊಂಟ ಮೇಲೆ, ಹೊಟ್ಟೆ ನೋಡು. ಎದ್ದು ನಿಂತಾಗ ಕರ್ಚೀಫು ಗದ್ದದ ಕೆಳಗೇ ಇತ್ತು, ಬೆವರಿಗೆ ಒದ್ದೆಯಾಗಿ. ಎದ್ದು ನಿಲ್ಲುವಾಗ ಮಾತ್ರ ಒಂದು ಕೈ ಊರಿದ್ದೆ. ಕೋಚ್ ಅದನ್ನ ನೋಡಿಯೂಬಿಟ್ಟಿದ್ರು.